ಯೋಧರೆಂಬ ಬಿರುದಿನ ಮರೆಯಲ್ಲಿ

2020ರ ಮೇ ತಿಂಗಳ ಮೂರನೆಯ ವಾರದವರೆಗೆ ಚಿಕ್ಕಮಗಳೂರು ಜಿಲ್ಲೆ ತಾನು ಹಸಿರು ವಲಯವೆಂದು ಹೆಮ್ಮೆಪಡುತ್ತಿತ್ತು. ಆಗ ಮೂಡಿಗೆರೆ ತಾಲ್ಲೂಕಿನ ಸರಕಾರಿ ವೈದ್ಯರೊಬ್ಬರಿಗೆ ಕೊರೊನಾ ಸೋಂಕು ತಗಲಿದೆಯೆಂಬ ವರದಿ ಬಂದಿತು. ಅವರು ನೋಡಿದ ರೋಗಿಗಳೆಷ್ಟು, ಯಾವ ಯಾವ ಊರಿನವರು ಎಂಬ ಎಣಿಕೆ ಒಡನೆಯೇ ಆರಂಭವಾಯಿತು. ಆ ಎಣಿಕೆ ಬೇಕಾದದ್ದೇ. ಮರುಪರೀಕ್ಷೆಯಲ್ಲಿ ಅವರಿಗೆ ಸೋಂಕಿಲ್ಲವೆಂದು ತಿಳಿಯಿತೆಂಬುದು ಬೇರೆ ಮಾತು. ವೈದ್ಯರಿಂದ ಯಾರಿಗೆ ರೋಗ ತಗಲಿತೆಂದು ಕೇಳಿದ ನಾಲಗೆಗಳು, ವೈದ್ಯರಿಗೆ ರೋಗ ತಗಲದಂತೆ ಕಾಯುವ ಹೊಣೆ ಯಾರದೆಂದು ಕೇಳಿದವೇ?

ಆ ವರ್ಷದ ಮಾರ್ಚ್ 22ರ ಸಂಜೆ ಜಾಗಟೆ ಬಾರಿಸಿ ಚಪ್ಪಾಳೆ ತಟ್ಟಿದ ಸಮಾಜ ಇವರಿಗೆ ‘ಕೊರೊನಾ ಯೋಧರು’ ಎಂಬ ಬಿರುದನ್ನಿತ್ತಿತು. ಬಿರುದಿಗೆ ಖರ್ಚಿಲ್ಲ. ಆದರೆ ಆ ಶಬ್ದದೊಳಗೊಂದು ಮೋಸವಿದೆ. ಯೋಧನು ಮಡಿದರೆ ಅದು ರಣಧರ್ಮವೆನಿಸುತ್ತದೆ, ಯಾರೂ ಉತ್ತರ ಹೇಳಬೇಕಾಗಿಲ್ಲ. ದಾದಿಯೊಬ್ಬಳು ಯೋಗ್ಯ ಮುಖಗವಸಿಲ್ಲದೆ ಸೋಂಕಿಗೆ ಬಲಿಯಾದರೆ ಅದು ವೀರಮರಣವಲ್ಲ, ಇತರರ ಪ್ರಮಾದ. ಪ್ರಮಾದದಿಂದಾದ ಪ್ರಾಣಹಾನಿಯನ್ನು ಹಿಂಸೆಯೆಂದೇ ಕರೆಯುವ ಧರ್ಮದ ಶ್ರಾವಕರಿಗಾದರೂ ಈ ಭೇದ ತಿಳಿಯಬೇಕಿತ್ತು.

ಕಳಸದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಿಗೆ ಹೋಗಿ ಜ್ವರ, ಕೆಮ್ಮು ವಿಚಾರಿಸಿ ಬರಬೇಕಾದವರು ಆಶಾ ಕಾರ್ಯಕರ್ತೆಯರು. ಕೇಂದ್ರ ಸರಕಾರದ ಮಾರ್ಗಸೂಚಿ ಇಂಥವರಿಗೆ ವಿಧಿಸಿದ್ದು ಮೂರು ಪದರದ ಮುಖಗವಸು. 2020ರ ಜುಲೈ 10ರಂದು ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ಕೆಲಸ ನಿಲ್ಲಿಸಿದರು. ಯೋಧರು ಕವಚವನ್ನು ಬೇಡಿ ಮುಷ್ಕರ ಹೂಡಬೇಕಾದ ಸೈನ್ಯವೆಂಥದು!

ಇನ್ನು ಸತ್ತವರ ಲೆಕ್ಕ. 2021ರ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಸರಕಾರ ತಿಳಿಸಿದ ಪ್ರಕಾರ ದೇಶದಲ್ಲಿ ಕೋವಿಡ್‌ನಿಂದ ತೀರಿಕೊಂಡವರು 162 ವೈದ್ಯರು, 107 ದಾದಿಯರು, 44 ಆಶಾ ಕಾರ್ಯಕರ್ತೆಯರು. ಭಾರತೀಯ ವೈದ್ಯಕೀಯ ಸಂಘ ಇದನ್ನು ಒಪ್ಪದೆ, ವೈದ್ಯರೇ 734 ಮಂದಿ ಎಂದಿತು. ಒಂದೇ ಅಂಗಡಿಯ ಎರಡು ಖಾತೆಗಳ ನಡುವೆ 572ರ ವ್ಯತ್ಯಾಸ ಬಂದರೆ ಯಾವ ವರ್ತಕನಿಗೂ ರಾತ್ರಿ ನಿದ್ರೆ ಬಾರದು. ಇಲ್ಲಿ ವ್ಯತ್ಯಾಸವಿರುವುದು ರೂಪಾಯಿಯಲ್ಲಲ್ಲ, ಮನುಷ್ಯರಲ್ಲಿ. ಐವತ್ತು ಲಕ್ಷದ ವಿಮೆಯಿತ್ತಲ್ಲವೇ ಎನ್ನುವವರುಂಟು. ಇತ್ತು; ಸತ್ತವರ ಮನೆಗೆ. ಬದುಕುಳಿದು ತಿಂಗಳುಗಟ್ಟಲೆ ಏದುಸಿರು ಬಿಟ್ಟವರಿಗೆ ಆ ವಿಮೆಯಲ್ಲಿ ಏನೂ ಇರಲಿಲ್ಲ.

ರೋಗಿಗಳಿಗೆ ಹಣ್ಣು, ಬ್ರೆಡ್ಡು ಹಂಚಿ ಚಿತ್ರ ತೆಗೆಸಿಕೊಳ್ಳುವ ದಾನಿಗಳು ಮಲೆನಾಡಿನ ಪೇಟೆಗಳಲ್ಲಿ ಧಾರಾಳವಾಗಿದ್ದಾರೆ. ಸರಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನ ಪ್ರಮುಖರಿಗೂ ಸ್ಥಾನವುಂಟು. ಅವರು ಒಮ್ಮೆ ದಾಸ್ತಾನು ಪುಸ್ತಕವನ್ನು ತರಿಸಿ ನೋಡಲಿ: ಎನ್-95 ಮುಖಗವಸು ಎಷ್ಟಿವೆ, ಯಾವ ವರ್ಷದವು, ಕಸ ಗುಡಿಸುವವಳ ಪಾಲಿಗೆ ಎಷ್ಟು ಬಂದವು. ಗಾಳಿಯಲ್ಲಿ ತೇಲಿ ಹರಡುವ ಸೋಂಕಿದು. ಮಳೆಗಾಲದ ಇರಚಲಿಗೆ ಹೆದರಿ ಮುಚ್ಚಿದ ವಾರ್ಡಿನ ಕಿಟಕಿಗಳು ಬೇಸಗೆಯಲ್ಲಾದರೂ ತೆರೆಯುತ್ತವೆಯೇ ಎಂಬುದನ್ನೂ ಕೈಯಿಂದ ತಳ್ಳಿ ನೋಡಿ ಬರಲಿ.