ಮುಳ್ಳು ತೋರಿಸುವುದು ಯಾರ ಬಿಸಿ?

ಈಗಿನ ಕಾರು ಓಡಿಸಿ ರೂಢಿಯಾದವರು ಮೊದಲ ಸಲ 1960ರ ದಶಕದ ಎಂಜಿಬಿಯನ್ನೋ ಟ್ರಯಂಫನ್ನೋ ಓಡಿಸಿದಾಗ ಅವರ ಕಣ್ಣು ಪದೇ ಪದೇ ಹೋಗುವುದು ಎಂಜಿನ್ನಿನ ಬಿಸಿ ತೋರಿಸುವ ಗೇಜಿನತ್ತ. ಏರು ಬಂದರೆ ಮುಳ್ಳು ಮೇಲೇಳುತ್ತದೆ, ಇಳಿಜಾರಿನಲ್ಲಿ ಇಳಿಯುತ್ತದೆ, ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಮತ್ತೆ ಏರುತ್ತದೆ. ಹೊಸ ಕಾರುಗಳ ಎಂಜಿನ್ನಿನಲ್ಲೂ ಬಿಸಿ ಹೀಗೇ ಏರಿಳಿಯುತ್ತದೆ. ಆದರೆ ಒಂದು ಮಿತಿಯೊಳಗಿನ ಏರಿಳಿತಕ್ಕೆ ಮುಳ್ಳು ಅಲುಗದಂತೆ ಅನೇಕ ಕಾರುಗಳ ಕಂಪ್ಯೂಟರಿನಲ್ಲೇ ಏರ್ಪಾಡು ಇರುತ್ತದೆ. ಹಳೆಯ ಕಾರಿಗೆ ಆ ಜಾಣತನವಿಲ್ಲ. ಹಾಗಾಗಿ ಮುಳ್ಳು ಅಲುಗಿದ ಮಾತ್ರಕ್ಕೆ ಗೇಜ್ ಕೆಟ್ಟಿದೆ ಎನ್ನಲಾಗದು. ಅದು ಸದಾ ಸುಳ್ಳನ್ನೇ ತೋರಿಸುತ್ತಿದೆಯೇ ಎಂದು ತಿಳಿಯಲು, ಅದು ಕೆಲಸ ಮಾಡುವ ಬಗೆ ಮೊದಲು ಗೊತ್ತಿರಬೇಕು.

ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಎರಡು ಬಗೆಯ ಗೇಜುಗಳಿದ್ದವು. ಒಂದರಲ್ಲಿ ವಿದ್ಯುತ್ತಿನ ಮಾತೇ ಇಲ್ಲ. ಎಂಜಿನ್ನಿನಲ್ಲಿ ಕೂತ ಪುಟ್ಟ ಬಲ್ಬಿನೊಳಗಿನ ಈಥರ್ ಬಿಸಿಯಾದಂತೆ ಒತ್ತಡ ಹೆಚ್ಚಿ, ಕೂದಲೆಳೆಯಂಥ ತೂತಿನ ತಾಮ್ರದ ಕೊಳವೆಯ ಮೂಲಕ ಡ್ಯಾಷ್‌ಬೋರ್ಡಿನ ಮುಳ್ಳನ್ನು ತಳ್ಳುತ್ತದೆ. ಕೊಳವೆ ಬಿರುಕು ಬಿಟ್ಟರೆ ಈಥರ್ ಆರಿಹೋಗಿ ಮುಳ್ಳು ಮಲಗಿಬಿಡುತ್ತದೆ. ಅದನ್ನು ತಿಳಿದವರ ಕೈಗೆ ಕೊಡುವುದಷ್ಟೇ ದಾರಿ.

ತಲೆನೋವು ಇರುವುದು ಎರಡನೆಯದರಲ್ಲಿ, ವಿದ್ಯುತ್ ಗೇಜಿನಲ್ಲಿ. ಇಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಎಂಜಿನ್ನಿಗೆ ತಿರುಗಿಸಿ ಕೂರಿಸಿದ ಸೆಂಡರ್, ಅಂದರೆ ಬಿಸಿಯ ಸುದ್ದಿ ಕಳಿಸುವ ಹಿತ್ತಾಳೆಯ ಗುಂಡಿ. ತಣ್ಣಗಿದ್ದಾಗ ಅದು ವಿದ್ಯುತ್ತಿಗೆ ಹೆಚ್ಚು ಅಡ್ಡಿ ಮಾಡುತ್ತದೆ, ಕಾದಂತೆ ದಾರಿ ಬಿಡುತ್ತದೆ. ಎರಡನೆಯದು ಗೇಜ್. ಅದರೊಳಗೆ ಎರಡು ಬೇರೆ ಲೋಹಗಳನ್ನು ಬೆಸೆದ ಪಟ್ಟಿ ಇದೆ. ಇಸ್ತ್ರಿ ಪೆಟ್ಟಿಗೆ ತಾನೇ ಆರಿ ಹೊತ್ತಿಕೊಳ್ಳುವುದು ಇಂಥದೇ ಪಟ್ಟಿಯಿಂದ. ಗೇಜಿನ ಪಟ್ಟಿಗೆ ಸುತ್ತಿದ ಸಣ್ಣ ತಂತಿಯಲ್ಲಿ ವಿದ್ಯುತ್ ಹರಿದು ತಂತಿ ಕಾಯುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ಏರುತ್ತದೆ. ಕೀಲಿ ತಿರುಗಿಸಿದ ಮೇಲೆ ಮುಳ್ಳು ಸಾವಕಾಶವಾಗಿ ಮೇಲೇಳುವುದು ಇದೇ ಕಾರಣಕ್ಕೆ. ಎಂದರೆ, ಮುಳ್ಳು ನೇರವಾಗಿ ತೋರಿಸುವುದು ತನ್ನ ಹೊಟ್ಟೆಯೊಳಗಿನ ತಂತಿಯ ಬಿಸಿಯನ್ನು. ಎಂಜಿನ್ನಿನ ಬಿಸಿಯನ್ನು ನಾವು ಅದರಿಂದ ಊಹಿಸಿಕೊಳ್ಳುತ್ತೇವೆ.

ಈ ಊಹೆ ನಿಲ್ಲಬೇಕಾದರೆ ಗೇಜಿಗೆ ಬರುವ ವಿದ್ಯುತ್ತಿನ ಒತ್ತಡ ಸಮನಾಗಿರಬೇಕು. ಬ್ಯಾಟರಿಯಲ್ಲಿ 12 ವೋಲ್ಟ್, ಕಾರು ಓಡುವಾಗ 14ರ ಆಸುಪಾಸು. ಇದನ್ನು ನೇರವಾಗಿ ಕೊಟ್ಟರೆ ಎಂಜಿನ್ನಿನ ಬಿಸಿ ಹೆಚ್ಚದಿದ್ದರೂ ಮುಳ್ಳು ಏರಿಬಿಡುತ್ತದೆ. ಅದಕ್ಕಾಗಿಯೇ ಮೂರನೆಯ ಅಂಗ, ಸ್ಟೆಬಿಲೈಸರ್ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ. ಅದರೊಳಗೂ ಕಾದು ಬಾಗುವ ಪಟ್ಟಿಯೇ ಇದೆ. ಅದು ಸಂಪರ್ಕವನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಸರಾಸರಿಯನ್ನು 10 ವೋಲ್ಟಿಗೆ ತರುತ್ತದೆ. ಮಲ್ಟಿಮೀಟರ್ ಇಟ್ಟರೆ ಅಂಕಿ ಕುಣಿಯುತ್ತದೆ, ಸಣ್ಣ ಬಲ್ಬು ಹಿಡಿದರೆ ಮಿಣುಕುತ್ತದೆ. ಗಾಬರಿ ಬೇಡ, ಮಿಣುಕುವುದೇ ಅದರ ಆರೋಗ್ಯದ ಗುರುತು.

ಇಲ್ಲಿಂದ ಪತ್ತೆದಾರಿಕೆ ಸುಲಭ. ಈ ಡಬ್ಬಿ ಸಾಮಾನ್ಯವಾಗಿ ಪೆಟ್ರೋಲ್ ಗೇಜಿಗೂ ವಿದ್ಯುತ್ ಒದಗಿಸುತ್ತದೆ. ಆದ್ದರಿಂದ ಬಿಸಿಯ ಮುಳ್ಳು ಮೇಲಿದ್ದಾಗ ಪಕ್ಕದ ಪೆಟ್ರೋಲ್ ಮುಳ್ಳನ್ನೂ ನೋಡಿ. ಅರ್ಧ ಟ್ಯಾಂಕಿಗೆ ಮುಕ್ಕಾಲು ತೋರಿಸುತ್ತಿದ್ದರೆ ಅನುಮಾನ ಡಬ್ಬಿಯ ಮೇಲೆ. ಎಷ್ಟೋ ಸಲ ಡಬ್ಬಿಯೂ ಚೆನ್ನಾಗಿಯೇ ಇರುತ್ತದೆ, ಅದರ ಅರ್ತಿಂಗ್ ಮಾತ್ರ ತುಕ್ಕು ಹಿಡಿದಿರುತ್ತದೆ. ಕಾರಿನ ಮೈಗೆ ಸರಿಯಾಗಿ ತಾಗದಿದ್ದರೆ ಒಳಗಿನ ಪಟ್ಟಿ ಕಾಯುವುದೇ ಇಲ್ಲ, ಪೂರ್ತಿ ವಿದ್ಯುತ್ ಗೇಜಿಗೆ ನುಗ್ಗುತ್ತದೆ. ಉಪ್ಪುಕಾಗದದ ಎರಡು ಉಜ್ಜಿನಲ್ಲಿ ವಾಸಿಯಾಗುವ ರೋಗಕ್ಕೆ ಜನ ರೇಡಿಯೇಟರ್ ಬದಲಿಸಿದ್ದುಂಟು.

ಪೆಟ್ರೋಲ್ ಗೇಜ್ ಸರಿಯಾಗಿದ್ದರೆ ಸೆಂಡರಿನ ವೈರನ್ನು ಕಳಚಿ ನೋಡಿ. ಮುಳ್ಳು ನಿಧಾನವಾಗಿ ತಣ್ಣನೆಯ ತುದಿಗೆ ಇಳಿಯಬೇಕು. ಇಳಿಯದಿದ್ದರೆ ದಾರಿಯಲ್ಲೆಲ್ಲೋ ವೈರಿನ ಸಿಪ್ಪೆ ಸುಲಿದು ಲೋಹಕ್ಕೆ ತಾಗಿದೆ. ಇಳಿದರೆ ಮುಂದಿನ ಪ್ರಶ್ನೆ ಸೆಂಡರಿನದು. ನೀರು ಸೋರದಿರಲೆಂದು ಅದರ ತಿರುಪಿನ ಮರೆಗೆ, ಅಂದರೆ ಥ್ರೆಡ್ಡಿಗೆ, ಟೆಫ್ಲಾನ್ ಟೇಪ್ ದಪ್ಪಗೆ ಸುತ್ತುವವರಿದ್ದಾರೆ. ಅರ್ತಿಂಗ್ ಆ ಮರೆಯ ಮೂಲಕವೇ ಆಗಬೇಕಾದ್ದರಿಂದ ಮುಳ್ಳು ಕಡಿಮೆ ತೋರಿಸತೊಡಗುತ್ತದೆ. ಮರೆ ಹೊಂದಿತೆಂದು ಬೇರೆ ಕಾರಿನ ಸೆಂಡರ್ ಹಾಕಿದ್ದರೆ ಅಡ್ಡಿಯ ಲೆಕ್ಕವೇ ಬೇರೆಯಾಗಿ ಎಲ್ಲ ತಪ್ಪುತ್ತದೆ.

ಇದನ್ನೆಲ್ಲ ಒಟ್ಟಿಗೆ ಪರೀಕ್ಷಿಸಲು ಅಡುಗೆಮನೆ ಸಾಕು. ಎಂಜಿನ್ ಪೂರ್ತಿ ಆರಿದ ಮೇಲೆ ಸೆಂಡರ್ ಬಿಚ್ಚಿ, ಅದರ ವೈರನ್ನು ಉದ್ದ ಮಾಡಿ, ಹಿತ್ತಾಳೆಯ ಮೈಯಿಂದ ಕಾರಿನ ಮೈಗೆ ಇನ್ನೊಂದು ವೈರು ಕೊಟ್ಟು, ತಳ ಮುಟ್ಟದಂತೆ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಡಿ. ಜೊತೆಗೊಂದು ಥರ್ಮಾಮೀಟರ್. 60, 80, ಕುದಿತ, ಪ್ರತಿ ಹಂತದಲ್ಲೂ ಎರಡು ಮೂರು ನಿಮಿಷ ಕಾದು ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳಿ. ಕುದಿಯುವ ನೀರೆಂದರೆ 100 ಡಿಗ್ರಿ ಎಂಬ ಶಾಲೆಯ ಪಾಠ ಮಂಗಳೂರಿಗೆ ಸರಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ. ಆ ಮೂರು ಡಿಗ್ರಿಯ ತಪ್ಪನ್ನು ಗೇಜಿನ ತಲೆಗೆ ಕಟ್ಟಬಾರದು. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರಿಗೂ ಒಂದು ಮಾತು: ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಅಳೆಯುವ ಜಾಗಕ್ಕೆ ಕಪ್ಪು ಟೇಪಿನ ತುಂಡು ಅಂಟಿಸಿಕೊಳ್ಳಬೇಕು.

ಹೆಚ್ಚು ತೋರಿಸುವ ಗೇಜ್ ನಿದ್ದೆ ಕೆಡಿಸುತ್ತದೆ. ಕಡಿಮೆ ತೋರಿಸುವುದು ಎಂಜಿನ್ನನ್ನೇ ಕೆಡಿಸಬಲ್ಲದು. ರೇಡಿಯೇಟರಿನ ನೀರು ತೀರಾ ಇಳಿದು ಸೆಂಡರ್ ಗಾಳಿಯಲ್ಲಿ ನೇತಾಡತೊಡಗಿದರೆ ಅದಕ್ಕೆ ಬಿಸಿ ಸರಿಯಾಗಿ ತಟ್ಟುವುದಿಲ್ಲ. ಎಂಜಿನ್ ಬೇಯುತ್ತಿರುತ್ತದೆ, ಮುಳ್ಳು ಕೆಳಗೆ ಆರಾಮಾಗಿರುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ನೀರಿನ ಮಟ್ಟ, ಅದೂ ಎಂಜಿನ್ ಆರಿದ ಮೇಲೆ. ಮೊದಮೊದಲ ಎಂಜಿಬಿಯ ರೇಡಿಯೇಟರ್ ಮುಚ್ಚಳ ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿದಿಡುತ್ತದೆ. ಪ್ರೆಶರ್ ಕುಕ್ಕರಿನಂತೆ, ಆ ಒತ್ತಡದಲ್ಲಿ ನೀರು 110 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ತಡೆಯುತ್ತದೆ. ವಿಸಲ್ ಇಳಿಯದ ಕುಕ್ಕರ್ ತೆರೆದರೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಇಷ್ಟಾದ ಮೇಲೂ ಮುಳ್ಳು ಎರಡು ಕೂದಲೆಳೆ ಮೇಲೋ ಕೆಳಗೋ ನಿಂತರೆ, ಡಿಜಿಟಲ್ ಮೀಟರ್ ಹಾಕಿಸಿಬಿಡಿ ಎನ್ನುವವರು ಸಿಗುತ್ತಾರೆ. ನನಗೆ ಆ ಅವಸರ ಕಾಣುವುದಿಲ್ಲ. ನಿಖರ ಅಂಕಿ ಹೇಳುವುದು ಈ ಗೇಜಿನ ಕೆಲಸವಲ್ಲ. ಅದೇ ಬಿಸಿಗೆ ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಂತರೆ ಸಾಕು. ನಾನಾದರೆ, ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಬಾಯ್ತೆರೆಯುವ 82 ಡಿಗ್ರಿಗೆ ಮುಳ್ಳು ಎಲ್ಲಿ ಬರುತ್ತದೆಂದು ಪಾತ್ರೆಯ ನೀರಿನಲ್ಲಿ ನೋಡಿಕೊಂಡು, ಗಾಜಿನ ಅಂಚಿಗೆ ಬಿಳಿ ಬಣ್ಣದ ಸಣ್ಣ ಚುಕ್ಕಿಯೊಂದನ್ನು ಇಡುತ್ತೇನೆ. ಮುಂದೆಂದಾದರೂ ಕಾರು ಕೊಳ್ಳಲು ಬಂದವರು ಅದೇನೆಂದು ಕೇಳಿದರೆ ಪಾತ್ರೆಯ ಕಥೆಯನ್ನೂ ಹೇಳಬಹುದು.