ಜಿಗಿಹುಳಕ್ಕೆ ಹೆಸರು ಹೇಳೋದು ಫೋಟೋ ಕೆಲಸ ಅಲ್ಲ

ಭರಮಸಾಗರದ ಕಡೆ ಹತ್ತಿ ಎಲೆ ತಿರುವಿದ್ರೆ ಅಡ್ಡಡ್ಡ ಓಡೋ ಹಸಿರು ಹುಳಕ್ಕೂ, ಮಾವಿನ ಹೂಗೊಂಚಲಿಂದ ಚಿಮ್ಮೋ ಕಂದು ಹುಳಕ್ಕೂ ನಾವು ಜಿಗಿಹುಳ ಅಂತಲೇ ಅಂತೀವಿ. ಮಾತಿಗೆ ಅಷ್ಟು ಸಾಕು. ಆದರೆ ಈಗ ನಮ್ಮಂಥ ಇಂಜಿನಿಯರಿಂಗ್ ಹುಡುಗರು 'ಫೋಟೋ ಹಾಕಿ, ಕೀಟ ಯಾವುದು ಅಂತ ಹೇಳ್ತೀವಿ' ಅನ್ನೋ ಪ್ರಾಜೆಕ್ಟ್‌ಗೆ ಇಳಿದಿದ್ದೀವಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಎಷ್ಟೋ ಜಿಗಿಹುಳಗಳು ಹೊರಗಿನಿಂದ ನೋಡೋಕೆ ಒಂದೇ ಥರ. ಜಾತಿ ಖಚಿತವಾಗೋದು ಸಾಮಾನ್ಯವಾಗಿ ಗಂಡು ಹುಳದ ಜನನಾಂಗದ ಆಕಾರದಿಂದ. ಕೆಲವೇ ಮಿಲಿಮೀಟರ್ ಉದ್ದದ ಹುಳದ ಹೊಟ್ಟೆ ಬೇರ್ಪಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮಾಂಸ ಕರಗಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು ಚಿತ್ರ ಬರೀಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಿ. ಎ. ವಿರಕ್ತಮಠ ಅವರು ದಶಕಗಟ್ಟಲೆ ಮಾಡಿದ್ದು ಇದನ್ನೇ. 1976ರಲ್ಲಿ ಅವರು ವಿವರಿಸಿದ ಒಂದು ಮಾವಿನ ಜಿಗಿಹುಳ ಅಮೃತೋಡಸ್ ಬ್ರೆವಿಸ್ಟೈಲಸ್. ಬ್ರೆವಿ ಅಂದ್ರೆ ಗಿಡ್ಡ, ಸ್ಟೈಲ್ ಅನ್ನೋದು (ನಮ್ಮ ಹೇರ್‌ಸ್ಟೈಲ್ ಅಲ್ಲ!) ಆ ಜನನಾಂಗದ ಒಂದು ಭಾಗ.

ಆ ಭಾಗ ಮೊಬೈಲ್ ಫೋಟೋದಲ್ಲಿ ಎಲ್ಲಿ ಕಾಣುತ್ತೆ? ಇನ್ನು ಹುಳ ಹೊಸ ಜಾತಿಯದ್ದೇ ಆಗಿದ್ರೆ, ಮಾಡೆಲ್ ತನಗೆ ಕಲಿಸಿದ ಹೆಸರುಗಳಲ್ಲೇ ಒಂದನ್ನು ಅದಕ್ಕೆ ಅಂಟಿಸಿಬಿಡುತ್ತೆ, ಅದೂ ಭಾರೀ ಧೈರ್ಯದಿಂದ. ಹೊಸದು ಹೊಸದಾಗಿ ಕಾಣೋದೇ ಇಲ್ಲ.

ಪ್ರಾಜೆಕ್ಟ್ ಬೇಡ ಅಂತ ನಾವು ಹೇಳ್ತಿಲ್ಲ. ಆದರೆ ಅದರಲ್ಲಿ 'ಗೊತ್ತಿಲ್ಲ' ಅನ್ನೋ ಉತ್ತರಕ್ಕೂ ಜಾಗ ಇರಲಿ. ಫೋಟೋ ಜೊತೆ ಹುಳವನ್ನೂ ಆಲ್ಕೋಹಾಲ್ ಬಾಟ್ಲಿಗೆ ಹಾಕಿ, ಊರು, ತಾರೀಖು, ಬೆಳೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಒಳಗಿಟ್ಟು, ಕೀಟಶಾಸ್ತ್ರದವರಿಗೆ ಕೊಡೋಣ.