ಗೆದ್ದವರು ಯಾರು ಅಂತ ಕೇಳ್ತೀವಿ, ಕಲಿಸಿದವರು ಯಾರು ಅಂತ ಕೇಳೋದಿಲ್ಲ

ನಮ್ಮ ಗದಗ ಸೀಮೆಯಲ್ಲಿ ಯಾರಾದರೂ ಹುಡುಗ ಚೆನ್ನಾಗಿ ಹಾಡಿದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಯಾರ ಹತ್ರ ಕಲ್ತೀಯೋ ತಮ್ಮಾ?" ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಂಥ ಹಾಡುಗಾರರು ಅನ್ನೋದಕ್ಕಿಂತ, ಎಷ್ಟು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು ಅನ್ನೋದನ್ನೇ ಜನ ಮೊದಲು ಹೇಳುತ್ತಾರೆ. ಭೀಮಸೇನ ಜೋಶಿಯವರ ಮಾತು ಬಂದರೆ ಕುಂದಗೋಳದ ಸವಾಯಿ ಗಂಧರ್ವರ ಹೆಸರು ಬರಲೇಬೇಕು. ಗುರುವಿಲ್ಲದ ವಿದ್ಯೆ ನಮ್ಮ ಕಡೆ ಲೆಕ್ಕಕ್ಕಿಲ್ಲ.

ಆಟದ ವಿಷಯಕ್ಕೆ ಬಂದರೆ ಮಾತ್ರ ನಾವು ಈ ಪ್ರಶ್ನೆಯನ್ನೇ ಮರೆತುಬಿಡುತ್ತೇವೆ. ರನ್ ಎಷ್ಟು, ವಿಕೆಟ್ ಎಷ್ಟು, ಗೋಲ್ ಎಷ್ಟು, ಮುಗೀತು. ಇದು ಸಣ್ಣ ಮರೆವು ಅಂತ ನನಗೆ ಅನಿಸೋದಿಲ್ಲ. ನಮ್ಮ ಕ್ಯಾಂಪಸ್‌ನಲ್ಲಿ ಕ್ರೀಡೆಗೆ ಅಂತ ಇಟ್ಟ ದುಡ್ಡು ಎಲ್ಲಿ ಹೋಗುತ್ತದೆ ಅನ್ನೋದನ್ನೂ ಇದೇ ಮರೆವು ತೀರ್ಮಾನ ಮಾಡುತ್ತಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಮ್ಮೂರ ಕಡೆಯ ಇನ್ನೊಬ್ಬ ಜೋಶಿಯವರ ಬಗ್ಗೆ ಹೇಳಬೇಕು.

ಸುನಿಲ್ ಜೋಶಿ ಗದಗಿನವರು, ಎಡಗೈ ಸ್ಪಿನ್ನರ್. ಕ್ವಿಝ್ ಕ್ಲಬ್‌ನವರಿಗೆ ಅವರ ಒಂದು ಲೆಕ್ಕ ಬಾಯಿಪಾಠ ಇರುತ್ತದೆ: 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಭಾರತಕ್ಕಾಗಿ 15 ಟೆಸ್ಟ್, 69 ಒಂದು ದಿನದ ಪಂದ್ಯ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 600ಕ್ಕೂ ಹೆಚ್ಚು ವಿಕೆಟ್. ಅವರು ಹುಡುಗನಾಗಿದ್ದಾಗ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಪ್ರ್ಯಾಕ್ಟೀಸ್ ಮುಗಿಸಿ, ಶಾಲೆಯ ಹೊತ್ತಿಗೆ ವಾಪಸ್ ಬರುತ್ತಿದ್ದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೋಗೋಕೆ ಸುಮಾರು 60 ಕಿಲೋಮೀಟರ್, ಬರೋಕೆ ಅಷ್ಟೇ.

ಈ ಕಥೆಯನ್ನು ನಾವು ಯಾವಾಗಲೂ 'ನೋಡ್ರಿ, ಎಂಥಾ ಛಲ!' ಅಂತ ಹೇಳಿ ಮುಗಿಸುತ್ತೇವೆ. ಛಲ ಇತ್ತು, ನಿಜ. ಆದರೆ ಹುಡುಗನೊಬ್ಬ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಬಯಲು ಗದಗಿನಲ್ಲೂ ಇತ್ತು, ಚೆಂಡೂ ಸಿಗುತ್ತಿತ್ತು. ಸಿಗದೇ ಇದ್ದದ್ದು ಆಟವನ್ನು ಗಂಭೀರವಾಗಿ ಕಲಿಯುವ ವಾತಾವರಣ, ತಪ್ಪು ಕಂಡರೆ 'ಹಿಂಗಲ್ಲ, ಹಿಂಗ' ಅನ್ನುವ ಕಣ್ಣು.

ಆಡೋದು ಮುಗಿದ ಮೇಲೆ ಜೋಶಿ ಮಾಡಿದ ಕೆಲಸ ನನಗೆ ಅವರ ವಿಕೆಟ್‌ಗಳಿಗಿಂತ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ. ಅವರು ಕೋಚ್ ಆಗಿ ಹೋದ ತಂಡಗಳನ್ನು ನೋಡಿ. 2014-15ರ ರಣಜಿ ಋತುವಿನಲ್ಲಿ ಜಮ್ಮು ಮತ್ತು ಕಾಶ್ಮೀರ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಶ್ರೀನಗರಕ್ಕೆ ಪ್ರವಾಹ ಬಂದು ಅಲ್ಲಿನ ಕ್ರೀಡಾಂಗಣವೇ ನೀರಲ್ಲಿ ಮುಳುಗಿತ್ತು. ಡಿಸೆಂಬರ್‌ನಲ್ಲಿ ಅದೇ ತಂಡ, ಪರ್ವೇಜ್ ರಸೂಲ್ ನಾಯಕತ್ವದಲ್ಲಿ, ವಾಂಖೆಡೆಗೆ ಹೋಗಿ ಮುಂಬೈಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ಅಷ್ಟೊತ್ತಿಗೆ ಮುಂಬೈ 40 ಸಲ ರಣಜಿ ಗೆದ್ದಿತ್ತು. ಜಮ್ಮು ಕಾಶ್ಮೀರ ಒಂದು ಸಲವೂ ಗೆದ್ದಿರಲಿಲ್ಲ.

ಆಮೇಲೆ ಒಮಾನ್ ತಂಡದ ಸ್ಪಿನ್ ಕೋಚ್. 2016ರ ಟಿ20 ವಿಶ್ವಕಪ್‌ಗೆ ಮೊದಲ ಸಲ ಬಂದ ಆ ತಂಡ ಧರ್ಮಶಾಲಾದಲ್ಲಿ ಐರ್ಲೆಂಡ್ ಅನ್ನು ಸೋಲಿಸಿತು. 2017ರಲ್ಲಿ ಬಾಂಗ್ಲಾದೇಶದ ಸ್ಪಿನ್ ಸಲಹೆಗಾರ. ಇಲ್ಲೊಂದು ಮಜಾ ಇದೆ. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ 92 ರನ್ ಹೊಡೆದು, 8 ವಿಕೆಟ್ ತೆಗೆದು, ಪಂದ್ಯಶ್ರೇಷ್ಠ ಆದವರು ಇದೇ ಜೋಶಿ. ಅವತ್ತು ಯಾರನ್ನು ಸೋಲಿಸಿದ್ದರೋ ಅವರ ಸ್ಪಿನ್ನರ್‌ಗಳಿಗೇ ಹದಿನೇಳು ವರ್ಷದ ನಂತರ ಪಾಠ ಹೇಳಲು ಹೋದರು. ಅವರು ಕೆಲಸಕ್ಕೆ ಸೇರಿದ ತಿಂಗಳಲ್ಲೇ ಮೀರ್‌ಪುರದಲ್ಲಿ ಬಾಂಗ್ಲಾದೇಶ ಆಸ್ಟ್ರೇಲಿಯಾವನ್ನು ಮೊದಲ ಬಾರಿಗೆ ಟೆಸ್ಟ್‌ನಲ್ಲಿ ಸೋಲಿಸಿತು, 20 ರನ್‌ಗಳಿಂದ. ಮಾರ್ಚ್ 2020ರಲ್ಲಿ ಜೋಶಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಗಾಬಾದಲ್ಲಿ ಗೆದ್ದ ಆ ಪ್ರವಾಸಕ್ಕೆ ತಂಡ ಆರಿಸಿದ್ದು ಅವರ ಸಮಿತಿಯೇ.

ಇದೆಲ್ಲಾ ಜೋಶಿ ಒಬ್ಬರೇ ಮಾಡಿದ್ದು ಅಂತ ನಾನು ಹೇಳೋದಿಲ್ಲ. ಶಕೀಬ್‌ಗೆ ಬೌಲಿಂಗ್ ಒಂದು ತಿಂಗಳಲ್ಲಿ ಯಾರೂ ಕಲಿಸಲಿಲ್ಲ. ಕೋಚ್ ಪಾಲು ಎಷ್ಟು ಅಂತ ಸ್ಕೋರ್‌ಕಾರ್ಡ್‌ನಲ್ಲಿ ಬರೆಯೋಕೆ ಕಾಲಮ್ಮೇ ಇಲ್ಲ, ಸಮಸ್ಯೆ ಇರೋದೇ ಅಲ್ಲಿ. ಅಳೆಯೋಕೆ ಬಾರದ್ದು ಇಲ್ಲವೇ ಇಲ್ಲ ಅಂತ ಎಂಜಿನಿಯರ್‌ಗಳು ಬೇಗ ನಂಬಿಬಿಡುತ್ತೇವೆ.

ಫುಟ್‌ಬಾಲ್ ಹುಚ್ಚಿರುವ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ರಿಕೆಟ್‌ನಲ್ಲಿ ಕೋಚ್ ಹೆಸರು ನಾಯಕನ ಹಿಂದೆ ಮರೆಯಾಗುತ್ತದೆ. ಫುಟ್‌ಬಾಲ್‌ನಲ್ಲಿ ಹನ್ನೊಂದು ಜನರನ್ನು ಆರಿಸೋದರಿಂದ ಹಿಡಿದು ಯಾರನ್ನು ಯಾವಾಗ ಹೊರಗೆ ಕರೀಬೇಕು ಅನ್ನೋವರೆಗೆ ಎಲ್ಲಾ ಮ್ಯಾನೇಜರ್ ಕೈಯಲ್ಲಿ. ಮೆಕ್ಸಿಕೊದ ಹಾವಿಯರ್ ಅಗಿರೆ ಅವರನ್ನೇ ತೆಗೆದುಕೊಳ್ಳಿ. 1986ರ ವಿಶ್ವಕಪ್‌ನಲ್ಲಿ ತನ್ನ ದೇಶಕ್ಕೆ ಆಡಿದವರು. 2001ರಲ್ಲಿ ಮೆಕ್ಸಿಕೊ ವಿಶ್ವಕಪ್‌ಗೆ ಅರ್ಹತೆಯನ್ನೇ ಕಳೆದುಕೊಳ್ಳುವ ಹಾಗಿದ್ದಾಗ ಅವರನ್ನು ಕರೆದರು, ದಾಟಿಸಿದರು. 2009ರಲ್ಲಿ ಮತ್ತೆ ಅದೇ ಸ್ಥಿತಿ, ಮತ್ತೆ ಅವರೇ. 2024ರಲ್ಲಿ ಮೂರನೇ ಸಲ ಕರೆ ಬಂತು, ಮರುವರ್ಷ ಗೋಲ್ಡ್ ಕಪ್ ಗೆದ್ದುಕೊಟ್ಟರು. ನಡುವೆ ಸ್ಪೇನ್‌ನ ಒಸಾಸುನ ಅನ್ನೋ ಸಣ್ಣ ಕ್ಲಬ್ಬನ್ನು 2005-06ರಲ್ಲಿ ಲಾ ಲಿಗಾದ ನಾಲ್ಕನೇ ಸ್ಥಾನಕ್ಕೆ ತಂದರು. 2024ರಲ್ಲಿ ಮಯೋರ್ಕಾವನ್ನು ಕೋಪಾ ಡೆಲ್ ರೇ ಫೈನಲ್‌ಗೆ ಒಯ್ದರು. ಆ ಫೈನಲ್ ಪೆನಾಲ್ಟಿಯಲ್ಲಿ ಸೋತರು. ಅವರ ಕಪಾಟಿನಲ್ಲಿ ರಿಯಲ್ ಮ್ಯಾಡ್ರಿಡ್ ಕೋಚ್‌ಗಳಿಗೆ ಇರುವಷ್ಟು ಕಪ್ ಇಲ್ಲ. ಆದರೂ ತಂಡ ಮುಳುಗುತ್ತಿರುವಾಗ ಫೋನ್ ಹೋಗೋದು ಇಂಥವರಿಗೇ.

ಈಗ ನಮ್ಮ ಕ್ಯಾಂಪಸ್ಸಿಗೆ ಬರೋಣ.

ಪ್ರತಿ ವರ್ಷ ಫೆಸ್ಟ್ ಹತ್ತಿರ ಬಂದಾಗ ಕ್ರೀಡಾ ಸಮಿತಿಯ ಸಭೆ ಆಗುತ್ತದೆ. ಜೆರ್ಸಿ ಬಣ್ಣದ ಮೇಲೆ ಅರ್ಧ ಗಂಟೆ ಜಗಳ. ಟ್ರೋಫಿ ಎಷ್ಟು ಎತ್ತರ ಇರಬೇಕು ಅಂತ ಚರ್ಚೆ. ಫ್ಲೆಕ್ಸ್, ಡಿಜೆ, ಅತಿಥಿಗೆ ಶಾಲು-ಹಾರ. ಆ ಪಟ್ಟಿಯಲ್ಲಿ 'ಕೋಚ್' ಅನ್ನೋ ಸಾಲು ನನಗೆ ಒಮ್ಮೆಯೂ ಕಂಡಿಲ್ಲ. ತಂಡ ಆಯ್ಕೆ ಆಗೋದು ಟೂರ್ನಿಗೆ ಹತ್ತು ದಿನ ಮೊದಲು. ಈಗಾಗಲೇ ಆಡಲು ಬರುವವರು ಆಯ್ಕೆಯಾಗುತ್ತಾರೆ, ಬಾರದವರು ಗ್ಯಾಲರಿಯಲ್ಲಿ ಕೂಗುತ್ತಾರೆ. ನಾಲ್ಕು ವರ್ಷದಲ್ಲಿ ಇಲ್ಲಿ ಬಂದು ಹೊಸದಾಗಿ ಒಂದು ಆಟ ಕಲಿತು ತಂಡಕ್ಕೆ ಸೇರಿದವರು ಎಷ್ಟು ಜನ? ನಿಮ್ಮ ಬ್ಯಾಚ್‌ನಲ್ಲೇ ಎಣಿಸಿ ನೋಡಿ. ಒಂದು ಕೈಯ ಬೆರಳು ಸಾಕು.

ನಾನು ಕಳಸಾಪುರದವನು. ಗದಗಿನ ಮಗ್ಗುಲಲ್ಲೇ ಇರುವ ಹಳ್ಳಿ. ಸುಗ್ಗಿ ಮುಗಿದ ಮೇಲೆ ಖಾಲಿ ಹೊಲದಲ್ಲಿ ಟೆನಿಸ್ ಬಾಲ್‌ನಲ್ಲಿ ಆಡುವ ಹುಡುಗರು ಅಲ್ಲೂ ಇದ್ದಾರೆ. ಚೆಂಡು ತಿರುಗಿಸುವ ಎಡಗೈಯವರೂ ಇದ್ದಾರೆ. ಮುಂದಿನ ಕಾಲು ಎಲ್ಲಿ ಬೀಳಬೇಕು ಅಂತ ಹೇಳುವವರಿಲ್ಲ ಅಷ್ಟೆ. ಅಂಥ ಊರುಗಳಿಂದ ಬಂದವರು ನಮ್ಮ ಹಾಸ್ಟೆಲ್ ತುಂಬಾ ಇದ್ದಾರೆ. ಕಲಿಸುವವರು ಸಿಗೋಕೆ ಅವರಿಗಿರುವ ಕೊನೆಯ ಜಾಗ ಕಾಲೇಜು. ಇಲ್ಲೂ ಸಿಗದಿದ್ದರೆ ಆ ಆಟ ಅಲ್ಲಿಗೆ ಮುಗಿಯಿತು.

"ನಾವು ಬಂದಿರೋದು ಪ್ಲೇಸ್‌ಮೆಂಟಿಗೆ, ರಣಜಿ ಆಡೋಕಲ್ಲ" ಅಂತ ಯಾರಾದರೂ ಹೇಳೇ ಹೇಳ್ತೀರಿ. ಸರಿ. ಆದರೆ ಅದೇ ಪ್ಲೇಸ್‌ಮೆಂಟಿಗೆ ಅಂತ ಆಪ್ಟಿಟ್ಯೂಡ್ ಟ್ರೇನರ್ ಕರೆಸುತ್ತೀವಿ, ಮಾಕ್ ಇಂಟರ್‌ವ್ಯೂ ಮಾಡಿಸುತ್ತೀವಿ. ಅಲ್ಲಿ 'ಇದ್ದವರು ಪಾಸಾಗಲಿ, ಉಳಿದವರು ಚಪ್ಪಾಳೆ ಹೊಡೀಲಿ' ಅಂತ ಅನ್ನೋದಿಲ್ಲವಲ್ಲ. ಕೋಡಿಂಗ್ ಮಾಡೋರಿಗೆ ಇನ್ನೊಂದು ಮಾತು: ನಮ್ಮ ಕೋಡ್‌ನ ತಪ್ಪು ನಮಗೆ ಕಾಣೋದಿಲ್ಲ, ಪಕ್ಕದಲ್ಲಿ ಕೂತವನಿಗೆ ಎರಡು ನಿಮಿಷದಲ್ಲಿ ಕಾಣುತ್ತದೆ. ಕೋಚ್ ಅಂದರೆ ಆ ಪಕ್ಕದ ಕಣ್ಣು.

"ದುಡ್ಡೆಲ್ಲಿದೆ?" ಅನ್ನೋದು ಎರಡನೇ ಪ್ರಶ್ನೆ. ನಾನು ಹೊಸ ದುಡ್ಡು ಕೇಳುತ್ತಿಲ್ಲ. ಟ್ರೋಫಿ ಒಂದು ಅಡಿ ಗಿಡ್ಡ ಮಾಡಿ, ಡಿಜೆ ಒಂದು ರಾತ್ರಿ ಕಡಿಮೆ ಮಾಡಿ. ಉಳಿದ ದುಡ್ಡಲ್ಲಿ ಊರಿನ ಕ್ಲಬ್ ಆಟಗಾರರೊಬ್ಬರನ್ನು ಮೂರು ತಿಂಗಳು, ವಾರಕ್ಕೆ ಎರಡು ಸಂಜೆ ಕರೆಸಿ. ಯೂನಿವರ್ಸಿಟಿ ಮಟ್ಟಕ್ಕೆ ಆಡಿರುವ ಅಣ್ಣಂದಿರು, ಅಕ್ಕಂದಿರು ಒಬ್ಬೊಬ್ಬರು ಐದು ಜನ ಜೂನಿಯರ್‌ಗಳನ್ನು ಹಿಡಿದು ಕಲಿಸಲಿ. ಸೆಮ್ ಕೊನೆಗೆ ಕ್ರೀಡಾ ಸಮಿತಿ ವರದಿ ಕೊಡುವಾಗ ಎಷ್ಟು ಕಪ್ ಬಂತು ಅನ್ನೋದರ ಕೆಳಗೆ ಇನ್ನೊಂದು ಸಾಲು ಬರೆಯಲಿ: ಈ ವರ್ಷ ಹೊಸದಾಗಿ ಆಡಲು ಕಲಿತವರು ಎಷ್ಟು ಜನ.

ಮೊದಲ ವರ್ಷ ನಾವು ಏನೂ ಗೆಲ್ಲದೇ ಇರಬಹುದು. ಕಲಿಸುವ ಕೆಲಸದಲ್ಲಿ ಫಲ ತಡವಾಗಿಯೇ ಬರುತ್ತದೆ, ಎಷ್ಟೋ ಸಲ ಕಲಿಸಿದವರು ಪಾಸಾಗಿ ಹೋದ ಮೇಲೆ ಬರುತ್ತದೆ. ಮುಂದಿನ ಸಭೆಯಲ್ಲಿ ಜೆರ್ಸಿ ಬಣ್ಣದ ಮಾತು ಶುರುವಾಗುವ ಮುಂಚೆ ಯಾರಾದರೂ ಒಬ್ಬರು ಎದ್ದು ನಿಂತು "ಕೋಚ್ ಯಾರು?" ಅಂತ ಕೇಳಿ. ನಾನೂ ಅಲ್ಲೇ ಇರ್ತೀನಿ, ದನಿಗೂಡಿಸ್ತೀನಿ.